ಹುಳು ಮನೆ, ತೆರೆದ ಬಾವಿ, ಚಳಿಜ್ವರ: ಕಾಮಸಮುದ್ರ ಸುತ್ತಿನ ಹಳ್ಳಿಮನೆಗಳ ಒಂದು ಪ್ರಕರಣ ಅಧ್ಯಯನ

ಕೋಲಾರ ಜಿಲ್ಲೆಯ ನಕ್ಷೆಯನ್ನು ನೋಡಿದವರಿಗೆ ಅಲ್ಲಿ ಮಲೇರಿಯಾಕ್ಕೆ ಏನು ಕೆಲಸ ಎಂದು ಅನ್ನಿಸುವುದು ಸಹಜ. ವರ್ಷವಿಡೀ ಹರಿಯುವ ನದಿ ಅಲ್ಲಿಲ್ಲ, ಅಣೆಕಟ್ಟಿನ ನಾಲೆಗಳಿಲ್ಲ, ಮಲೆನಾಡಿನ ಜವುಗೂ ಇಲ್ಲ. ಕೆರೆಗಳು ಸಾವಿರಗಟ್ಟಲೆ ಇದ್ದರೂ ಅವುಗಳಲ್ಲಿ ಬಹುಪಾಲು ವರ್ಷದ ಅರ್ಧಕಾಲ ಒಣಗಿಯೇ ಇರುತ್ತಿದ್ದವು. ಹೀಗಿದ್ದರೂ 1990ರ ದಶಕದಲ್ಲಿ ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರ ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಗೆ ಸೇರಿದ ಹಳ್ಳಿಗಳಲ್ಲಿ ಚಳಿಜ್ವರ ಬಿಟ್ಟೂ ಬಿಡದೆ ಕಾಡುತ್ತಿತ್ತು. ಒಂದು ಕಡೆ ಆಂಧ್ರ, ಇನ್ನೊಂದು ಕಡೆ ತಮಿಳುನಾಡು ಗಡಿ, ನಡುವೆ ಕುರುಚಲು ಕಾಡಿನ ಗುಡ್ಡಗಳು, ಮನೆಗಳಲ್ಲಿ ತೆಲುಗು, ಕನ್ನಡ, ತಮಿಳು ಮೂರೂ ಕೇಳಿಬರುವ ಈ ಮೂಲೆಯಲ್ಲಿ ರೋಗ ಬೇರೂರಲು ಕಾರಣವಾದ ಸಂಗತಿಗಳನ್ನು ಮನೆಯ ಮಟ್ಟದಲ್ಲಿ ಪರಿಶೀಲಿಸುವುದು ಈ ಅಧ್ಯಯನದ ಉದ್ದೇಶ.

ಗ್ರಾಮೀಣ ಮಲೇರಿಯಾದ ಅಪಾಯಕಾರಿ ಅಂಶಗಳನ್ನು ಕುರಿತ ಬರಹಗಳಲ್ಲಿ ಕೆಲವು ಅಂಶಗಳು ಪದೇ ಪದೇ ಬರುತ್ತವೆ: ಮಣ್ಣಿನ ಗೋಡೆ, ಮನೆಗೆ ಅಂಟಿದ ಕೊಟ್ಟಿಗೆ, ಹತ್ತಿರದ ನೀರು, ಹೊರಗೆ ಮಲಗುವ ಅಭ್ಯಾಸ, ಸೊಳ್ಳೆ ಪರದೆ ಇಲ್ಲದಿರುವುದು, ಔಷಧಿ ಸಿಂಪಡಣೆಗೆ ಒಪ್ಪದಿರುವುದು, ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವುದು. ಇವೆಲ್ಲವೂ ಕಾಮಸಮುದ್ರದ ಮನೆಗಳಲ್ಲಿದ್ದವು. ಆದರೆ ಇವುಗಳನ್ನು ಒಂದೊಂದಾಗಿ ಎಣಿಸುತ್ತಾ ಹೋದರೆ ಆ ಮನೆಗಳ ಸ್ಥಿತಿ ಅರ್ಥವಾಗುವುದಿಲ್ಲ, ಏಕೆಂದರೆ ಅಲ್ಲಿ ಈ ಅಂಶಗಳಲ್ಲಿ ಹೆಚ್ಚಿನವು ರೇಷ್ಮೆ ಎಂಬ ಒಂದೇ ಕಸುಬಿನಿಂದ ಹುಟ್ಟಿದ್ದವು, ಇಲ್ಲವೇ ಅದರಿಂದ ಗಟ್ಟಿಯಾಗಿದ್ದವು.

ಇಲ್ಲಿ ಒಂದು ಮನೆಯನ್ನು ಎದುರಿಗಿಟ್ಟುಕೊಂಡು ವಿವರಿಸಲಾಗಿದೆ. ಅದು ಯಾವುದೋ ಒಂದು ಕುಟುಂಬದ ಚಿತ್ರವಲ್ಲ. ಆ ಸೀಮೆಯ ರೇಷ್ಮೆ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ಲಕ್ಷಣಗಳನ್ನು ಒಟ್ಟುಗೂಡಿಸಿ ಕಟ್ಟಿಕೊಂಡ ಮಾದರಿ.

ಮನೆ ಮತ್ತು ಅದರ ಒಕ್ಕಲುತನ

ಮನೆಯ ಮುಂಭಾಗಕ್ಕೆ ನಾಡಹೆಂಚು, ಹಿಂಭಾಗಕ್ಕೆ ಈ ಸೀಮೆಯಲ್ಲಿ ಧಾರಾಳವಾಗಿ ಸಿಗುವ ಕಲ್ಲುಚಪ್ಪಡಿ. ಗೋಡೆಗಳು ಕಲ್ಲು ಮತ್ತು ಮಣ್ಣಿನವು. ಸೂರಿಗೂ ಗೋಡೆಗೂ ನಡುವೆ ಒಂದು ಗೇಣು ಸಂದು ಉಳಿದಿರುತ್ತದೆ. ಹೊಗೆ ಹೋಗಲು ಅದು ಬೇಕೇ ಬೇಕು, ಸೊಳ್ಳೆ ಬರಲೂ ಅದೇ ಸಾಕು. ಬಾಗಿಲ ಎರಡೂ ಬದಿಗೆ ಜಗಲಿ. ಒಳಗೆ ಕಾಲಿಟ್ಟರೆ ಎಡಕ್ಕೆ ಹಸುಗಳನ್ನು ಕಟ್ಟುವ ಜಾಗ, ಬಲಕ್ಕೆ ಪಡಸಾಲೆ, ಅದರಾಚೆ ಅಡುಗೆಮನೆ. ಮನೆಯ ಅತ್ಯುತ್ತಮ ಕೋಣೆ, ಅಂದರೆ ಬಿಸಿಲು ತಾಗದ, ಗಾಳಿ ಹದವಾಗಿ ಆಡುವ ದೊಡ್ಡ ಕೋಣೆ, ರೇಷ್ಮೆ ಹುಳುವಿಗೆ ಮೀಸಲು. ಬಿದಿರಿನ ತಟ್ಟೆಗಳನ್ನು ಒಂದರ ಮೇಲೊಂದು ಏರಿಸಿದ ಅಟ್ಟಣೆಗಳು ಅಲ್ಲಿ ಸಾಲಾಗಿ ನಿಂತಿರುತ್ತವೆ. ಅಟ್ಟಣೆಯ ಪ್ರತಿ ಕಾಲಿನ ಕೆಳಗೂ ಇರುವೆ ಹತ್ತದಂತೆ ನೀರು ತುಂಬಿದ ಬಟ್ಟಲು. ಹುಳು ಹಣ್ಣಾಗುವ ಹೊತ್ತಿಗೆ ಗೂಡು ಕಟ್ಟಿಸುವ ಚಂದ್ರಿಕೆಗಳು ಜಗಲಿಯನ್ನೂ ಅಂಗಳವನ್ನೂ ಆಕ್ರಮಿಸಿಕೊಳ್ಳುತ್ತವೆ.

ಈ ಕೋಣೆಯ ಕಿಟಕಿಯನ್ನು ಗಮನಿಸಬೇಕು. ಅದಕ್ಕೆ ನೈಲಾನ್ ಬಲೆ ಬಿಗಿದಿರುತ್ತದೆ, ಬಾಗಿಲಿಗೂ ಬಲೆಯ ಪರದೆ ಇರುತ್ತದೆ. 1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟ ಊಜಿ ನೊಣ ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಬೆಳೆಯನ್ನೇ ಹಾಳುಮಾಡತೊಡಗಿದ ಮೇಲೆ ರೇಷ್ಮೆ ಇಲಾಖೆಯ ಸಲಹೆಯಂತೆ ರೈತರು ಮಾಡಿಕೊಂಡ ಏರ್ಪಾಡು ಇದು. ಅದೇ ಮನೆಯ ಪಡಸಾಲೆಯ ಕಿಟಕಿಗೆ ಬಲೆಯಿಲ್ಲ. ಮನೆಯ ಜನ ಮಲಗುವುದು ಆ ಪಡಸಾಲೆಯಲ್ಲಿ, ಜಗಲಿಯಲ್ಲಿ, ಬೇಸಿಗೆಯಲ್ಲಾದರೆ ಅಂಗಳದಲ್ಲಿ. ಇದನ್ನು ನೋಡಿ ನಗುವವರಿದ್ದಾರೆ; ನಗುವಂಥದ್ದು ಇದರಲ್ಲಿ ಏನೂ ಇಲ್ಲ ಎಂದು ನನ್ನ ಅನಿಸಿಕೆ. ಬಲೆಯ ಬೆಲೆ ಒಂದು ಬೆಳೆಯಲ್ಲಿ ಮರಳಿ ಬರುತ್ತದೆ ಎಂಬ ಲೆಕ್ಕ ರೈತನಿಗೆ ಸ್ಪಷ್ಟವಾಗಿತ್ತು. ಜ್ವರದಿಂದ ಕಳೆದುಹೋಗುವ ಕೂಲಿದಿನಗಳ ಲೆಕ್ಕವನ್ನು ಅಷ್ಟೇ ಸ್ಪಷ್ಟವಾಗಿ ಅವನ ಮುಂದೆ ಇಟ್ಟವರು ವಿರಳ.

ಮೊಟ್ಟೆಯೊಡೆದ ಹುಳು ಗೂಡು ಕಟ್ಟಲು ಸುಮಾರು 25ರಿಂದ 28 ದಿನ ಹಿಡಿಯುತ್ತದೆ. ಈ ಅವಧಿಯಲ್ಲಿ ಅದು ನಾಲ್ಕು ಸಲ ಪೊರೆ ಕಳಚುತ್ತದೆ. ನಾಲ್ಕನೆಯ ಪೊರೆ ಕಳಚಿ ಎದ್ದ ಹುಳುವಿಗೆ ಸೊಪ್ಪು ಎಷ್ಟು ಹಾಕಿದರೂ ಸಾಲದು. ಇಡೀ ಬೆಳೆಗೆ ಬೇಕಾಗುವ ಸೊಪ್ಪಿನಲ್ಲಿ ಬಹುಪಾಲು ಆ ಕೊನೆಯ ವಾರದಲ್ಲೇ ಮುಗಿಯುತ್ತದೆ. ಆಗ ಮನೆಯ ಹೆಂಗಸರು ರಾತ್ರಿ ಹತ್ತು, ಹನ್ನೊಂದರವರೆಗೂ ಸೊಪ್ಪು ಹಾಕುತ್ತಾರೆ, ಬೆಳಕು ಹರಿಯುವ ಮೊದಲೇ ಎದ್ದು ಮತ್ತೆ ಹಾಕುತ್ತಾರೆ. ಗಂಡಸರು ಕರೆಂಟು ಬಂದ ಹೊತ್ತಿಗೆ, ಅಂದರೆ ಹೆಚ್ಚಾಗಿ ರಾತ್ರಿಯಲ್ಲಿ, ಹಿಪ್ಪುನೇರಳೆ ತೋಟಕ್ಕೆ ನೀರು ಹಾಯಿಸಲು ಬಾವಿಯ ಬಳಿ ಇರುತ್ತಾರೆ. ಸೊಳ್ಳೆ ಕಚ್ಚುವ ಹೊತ್ತು ಮತ್ತು ಈ ಕಸುಬಿನ ಎಚ್ಚರದ ಹೊತ್ತು ಒಂದರ ಮೇಲೊಂದು ಕೂರುತ್ತವೆ. ಪರದೆ ಕೊಟ್ಟರೂ ಅದರೊಳಗೆ ಹೋಗಿ ಮಲಗಲು ಬಿಡುವು ಇರಬೇಕಲ್ಲ.

ನೀರು ಎಲ್ಲಿತ್ತು

ಗ್ರಾಮೀಣ ಭಾರತದ ಮಲೇರಿಯಾದಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲನ್ನು ಹರಡುವುದು ಅನಾಫಿಲಿಸ್ ಕ್ಯುಲಿಸಿಫೇಸಿಸ್ ಎಂಬ ಸೊಳ್ಳೆ. ತಿಳಿನೀರು ಅದಕ್ಕೆ ಬೇಕು: ಹಳ್ಳದ ಮಡುಗಳು, ಕಾಲುವೆಯ ಅಂಚು, ಬಂಡೆಯ ಗುಂಡಿ, ಕೆರೆಯ ದಂಡೆ. ಮೊಟ್ಟೆಯಿಂದ ಸೊಳ್ಳೆಯಾಗಿ ಹಾರಲು ಬೆಚ್ಚನೆಯ ಕಾಲದಲ್ಲಿ ಒಂದು ವಾರದಿಂದ ಹತ್ತು ದಿನ ಸಾಕು. ಕಾಲುವೆ ನೀರಾವರಿಯ ಪ್ರದೇಶಗಳಲ್ಲಿ ಇದರ ನೆಲೆಯನ್ನು ಗುರುತಿಸುವುದು ಕಷ್ಟವಲ್ಲ. ಕೋಲಾರದಂಥ ಒಣಸೀಮೆಯಲ್ಲಿ ಅದು ಎಲ್ಲಿ ಮರಿಮಾಡುತ್ತದೆ ಎಂಬುದೇ ಪ್ರಶ್ನೆ.

ಉತ್ತರ ಬಾವಿಯಲ್ಲಿತ್ತು. ಹಿಪ್ಪುನೇರಳೆಗೆ ವರ್ಷವಿಡೀ ನೀರು ಬೇಕು. ಕೆರೆ ಕೈಕೊಟ್ಟ ಊರುಗಳಲ್ಲಿ ಪ್ರತಿ ತೋಟಕ್ಕೂ ಒಂದು ತೆರೆದ ಬಾವಿ, ಮನೆಗಳ ನಡುವೆ ಸೇದುವ ಬಾವಿ, ಹಳೆಯದು ಬತ್ತಿದಾಗ ಅದರ ಪಕ್ಕದಲ್ಲಿ ಇನ್ನೊಂದು. ಚೌಕಾಕಾರವಾಗಿ ತೋಡಿ, ಕಲ್ಲು ಕಟ್ಟಿ, ಒಂದು ಬದಿಗೆ ಮೆಟ್ಟಿಲಿಟ್ಟ ಈ ಬಾವಿಗಳ ಮೂಲೆಗಳಲ್ಲಿ, ಕಲ್ಲಿನ ಸಂದಿಗಳಲ್ಲಿ, ಮೆಟ್ಟಿಲಿಗೆ ತಾಗಿ ನಿಂತ ನೀರಿನಲ್ಲಿ ಸೊಳ್ಳೆಯ ಮರಿಹುಳುಗಳು ಬೆಳೆಯುತ್ತಿದ್ದವು. ಅನಾಫಿಲಿಸ್‌ನ ಮರಿಹುಳು ನೀರಿನ ಮೇಲ್ಮೈಗೆ ಸಮಾನಾಂತರವಾಗಿ ಮಲಗಿದಂತೆ ತೇಲುತ್ತದೆ. ಮೇಲಿನಿಂದ ಬಗ್ಗಿ ನೋಡಿದವರಿಗೆ ಅದು ಕಾಣುವುದಿಲ್ಲ. ಬಕೆಟ್ಟನ್ನು ಗೋಡೆಗೆ ತಾಗುವಂತೆ ಇಳಿಸಿ, ಎತ್ತಿ, ಬೆಳಕಿನಲ್ಲಿ ಸ್ವಲ್ಪ ಹೊತ್ತು ಕಾಯಬೇಕು. ಮಳೆಗಾಲ ಮುಗಿದು ಹಳ್ಳ ಬತ್ತಿದ ಮೇಲೂ ಬಾವಿಯಲ್ಲಿ ನೀರಿರುತ್ತದೆ. ಮಳೆಯೊಂದಿಗೆ ಬಂದು ಮಳೆಯೊಂದಿಗೆ ಹೋಗಬೇಕಾಗಿದ್ದ ಸೊಳ್ಳೆಗೆ ಹೀಗೆ ಬೇಸಿಗೆಯಲ್ಲೂ ಆಸರೆ ಸಿಕ್ಕಿತು.

(ಮನೆಯ ಪಕ್ಕದ ನೀರಿಗೂ ಸೊಳ್ಳೆಗೂ ಇರುವ ನಂಟನ್ನು ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್ ಮೊದಲು ಗಮನಿಸಿದ್ದು 1883ರಲ್ಲಿ ಬೆಂಗಳೂರಿನ ದಂಡಿನಲ್ಲಿದ್ದಾಗ. ಮಲೇರಿಯಾ ರೋಗಾಣುವನ್ನು ಸೊಳ್ಳೆಯ ಹೊಟ್ಟೆಯಲ್ಲಿ ಆತ ಕಂಡದ್ದು 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ. ಕೋಲಾರ ಮೊದಲನೆಯ ಊರಿನಿಂದ ಎಪ್ಪತ್ತು ಕಿಲೋಮೀಟರ್ ಆಚೆಗಿದೆ ಅಷ್ಟೆ.)

ಕ್ಯುಲಿಸಿಫೇಸಿಸ್ ಎಂಬುದು ಒಂದೇ ಸೊಳ್ಳೆಯಲ್ಲ ಎಂಬ ಸಂಗತಿ ಈ ಪ್ರಕರಣಕ್ಕೆ ಬಹಳ ಮುಖ್ಯ. ಕಣ್ಣಿಗೆ ಒಂದೇ ತೆರನಾಗಿ ಕಾಣುವ, ವರ್ಣತಂತುಗಳನ್ನು ಪರೀಕ್ಷಿಸಿದರಷ್ಟೇ ಬೇರೆಯೆಂದು ಗೊತ್ತಾಗುವ ಐದು ಸೋದರ ಪ್ರಭೇದಗಳನ್ನು ವಿಜ್ಞಾನಿಗಳು ಎ, ಬಿ, ಸಿ, ಡಿ, ಇ ಎಂದು ಗುರುತಿಸಿದ್ದಾರೆ. ಇವುಗಳಲ್ಲಿ 'ಬಿ' ಮಲೇರಿಯಾವನ್ನು ಹರಡುವುದರಲ್ಲಿ ದುರ್ಬಲ. 'ಎ' ಸಮರ್ಥ ರೋಗವಾಹಕ. ಕರ್ನಾಟಕದ ಈ ಹಳ್ಳಿಗಳ ಬಾವಿಗಳನ್ನು ಆಶ್ರಯಿಸಿದ್ದು ರೋಗವಾಹಕ ಪ್ರಭೇದವೇ ಆಗಿತ್ತು. ಹಾಗಾಗಿ ಊರಿನ ಸುತ್ತ ಎಲ್ಲೆಲ್ಲಿ ನೀರಿದೆ ಎಂದು ಪಟ್ಟಿಮಾಡಿ ಎಲ್ಲಕ್ಕೂ ಸಮಾನ ತೂಕ ಕೊಟ್ಟರೆ ಹಳ್ಳದ ಮಡುವೇ ಮುಖ್ಯ ಶತ್ರು ಎಂಬ ತಪ್ಪು ತೀರ್ಮಾನಕ್ಕೆ ಬರಬಹುದಿತ್ತು. ಬಾವಿಗೆ ಹತ್ತಿರವಿರುವ ಮನೆ ಹಳ್ಳಕ್ಕೆ ಹತ್ತಿರವಿರುವ ಮನೆಗಿಂತ ಹೆಚ್ಚು ಅಪಾಯದಲ್ಲಿರಲು ಸಾಧ್ಯವೆಂಬುದು ಸೊಳ್ಳೆಯ ಒಟ್ಟು ಸಂಖ್ಯೆಯಿಂದ ತಿಳಿಯುವ ವಿಷಯವಲ್ಲ.

ಕೊಟ್ಟಿಗೆಯ ಲೆಕ್ಕ

ಈ ಸೊಳ್ಳೆಗೆ ಮನುಷ್ಯರ ರಕ್ತಕ್ಕಿಂತ ದನದ ರಕ್ತ ಪ್ರಿಯ. ಹಾಗಾದರೆ ದನವಿರುವ ಮನೆಗೆ ರಕ್ಷಣೆಯೇ, ಅಪಾಯವೇ? ಎರಡೂ ವಾದಗಳಿವೆ, ಎರಡಕ್ಕೂ ಆಧಾರಗಳಿವೆ. ಊರ ಹೊರಗೆ ದೂರದಲ್ಲಿ ಕಟ್ಟಿದ ದನಗಳು ಸೊಳ್ಳೆಯನ್ನು ಮನುಷ್ಯರಿಂದ ಬೇರೆಡೆಗೆ ಸೆಳೆಯಬಹುದು. ಆದರೆ ಹಾಲು ಈ ಜಿಲ್ಲೆಯ ಇನ್ನೊಂದು ಆಧಾರವಾದ್ದರಿಂದ, ಸಾಲ ಮಾಡಿ ತಂದ ಸೀಮೆ ಹಸುವನ್ನು ಯಾರೂ ಹೊರಗೆ ಬಿಡುವುದಿಲ್ಲ; ಅದು ಮನೆಯೊಳಗೆ, ಮಲಗುವ ಜಾಗದಿಂದ ಒಂದು ಮೋಟುಗೋಡೆಯ ಆಚೆ ನಿಂತಿರುತ್ತದೆ. ಹಸುವನ್ನು ಅರಸಿ ಬಂದ ಸೊಳ್ಳೆಗೆ ಪಕ್ಕದಲ್ಲೇ ಮನುಷ್ಯರು ಸಿಗುತ್ತಾರೆ, ಹೊಟ್ಟೆ ತುಂಬಿದ ಮೇಲೆ ಕೂರಲು ಕತ್ತಲೆಯ ಗೋಡೆಯೂ ಸಿಗುತ್ತದೆ. ಹೀಗೆ ಒಂದೇ ಸೂರಿನಡಿ ಇಬ್ಬರೂ ಇರುವ ಕಡೆ ಕೊಟ್ಟಿಗೆಯನ್ನು ರಕ್ಷಣೆಯೆಂದು ಎಣಿಸುವುದು ನನಗೆ ಸರಿ ಕಾಣುವುದಿಲ್ಲ.

ಇದರ ಜೊತೆಗೆ ಹುಳು ಮನೆಯ ಹವೆಯನ್ನೂ ಸೇರಿಸಿಕೊಳ್ಳಬೇಕು. ರೇಷ್ಮೆ ಹುಳುವಿಗೆ 24ರಿಂದ 28 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇ. 70ರಿಂದ 85ರಷ್ಟು ತೇವಾಂಶ ಹಿತ. ಅದಕ್ಕಾಗಿ ರೈತರು ನೆಲಕ್ಕೆ ನೀರು ಚಿಮುಕಿಸುತ್ತಾರೆ, ಒದ್ದೆ ಗೋಣಿತಾಟು ಇಳಿಬಿಡುತ್ತಾರೆ, ಸೊಪ್ಪಿನ ಮೇಲೂ ಒದ್ದೆ ಬಟ್ಟೆ ಹೊದಿಸುತ್ತಾರೆ. ಮಲೇರಿಯಾದ ವೈವಾಕ್ಸ್ ರೋಗಾಣು ಸೊಳ್ಳೆಯ ಮೈಯಲ್ಲಿ ಬಲಿತು ಹರಡಲು ಸಿದ್ಧವಾಗುವುದಕ್ಕೆ ಇದೇ ಉಷ್ಣತೆಯಲ್ಲಿ ಸುಮಾರು ಹತ್ತು ದಿನ ಬೇಕು. ಅಲ್ಲಿಯವರೆಗೆ ಸೊಳ್ಳೆ ಬದುಕಿರಬೇಕಾದರೆ ಗಾಳಿಯಲ್ಲಿ ತೇವ ಬೇಕು. ಹೊರಗೆ ಏಪ್ರಿಲ್ ತಿಂಗಳ ಒಣಬಿಸಿ ಇರುವಾಗ ಸೊಳ್ಳೆ ಹೆಚ್ಚು ದಿನ ಬಾಳುವುದಿಲ್ಲ. ಅಂಥ ಕಾಲದಲ್ಲೂ ರೇಷ್ಮೆ ಮನೆಯ ಒಳಭಾಗ ತಂಪಾಗಿ, ತೇವವಾಗಿ ಇರುತ್ತದೆ. ಹುಳುವಿನ ಕೋಣೆಗೆ ಬಲೆಯಿದ್ದರೂ ಆ ತಂಪು ಇಡೀ ಮನೆಗೆ ಹರಡಿರುತ್ತದೆ ಎಂಬುದರಿಂದ, ಸೊಳ್ಳೆಯ ಆಯುಸ್ಸನ್ನು ಈ ಕಸುಬು ತನಗರಿವಿಲ್ಲದೆ ಹೆಚ್ಚಿಸುತ್ತಿತ್ತೆಂದು ಊಹಿಸಲು ಅವಕಾಶವಿದೆ. ಇದು ಊಹೆ, ಆದರೆ ಮನೆಯ ಉಷ್ಣತೆ, ತೇವಾಂಶಗಳನ್ನು ಅಳೆಯದೆ ಗೋಡೆ ಮಣ್ಣಿನದೋ ಇಟ್ಟಿಗೆಯದೋ ಎಂದಷ್ಟೇ ಬರೆದುಕೊಳ್ಳುವ ಸಮೀಕ್ಷೆಗಳು ಇಂಥದ್ದನ್ನು ಹಿಡಿಯಲಾರವು.

ಸಿಂಪಡಣೆಗೆ ಬಾಗಿಲು ಮುಚ್ಚಿದ್ದೇಕೆ

ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ 1953ರಲ್ಲಿ ಆರಂಭವಾದಾಗ ಅದರ ಬೆನ್ನೆಲುಬು ಡಿಡಿಟಿ ಎಂಬ ಕೀಟನಾಶಕ. ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಎಂದು ಅಂದಾಜಿಸಲಾಗಿದ್ದ ಪ್ರಕರಣಗಳು 1965ರ ಹೊತ್ತಿಗೆ ಸುಮಾರು ಒಂದು ಲಕ್ಷಕ್ಕೆ ಇಳಿದವು. 1976ರಲ್ಲಿ ಮತ್ತೆ 64 ಲಕ್ಷ ದಾಟಿದವು. ಆ ಮರುಕಳಿಕೆಯ ನಂತರ 1977ರಲ್ಲಿ ಜಾರಿಗೆ ಬಂದ ಪರಿಷ್ಕೃತ ಯೋಜನೆಯ ಪ್ರಕಾರ, ಸಾವಿರ ಜನಸಂಖ್ಯೆಗೆ ವರ್ಷಕ್ಕೆ ಎರಡು ಅಥವಾ ಅದಕ್ಕಿಂತ ಹೆಚ್ಚು ಪ್ರಕರಣಗಳಿರುವ ಪ್ರದೇಶದಲ್ಲಿ ಮನೆಯೊಳಗೆ ಕೀಟನಾಶಕ ಸಿಂಪಡಿಸಬೇಕು. ನಿಯಮ ಸರಳವಾಗಿತ್ತು. ರೇಷ್ಮೆ ಸೀಮೆಯಲ್ಲಿ ಅದನ್ನು ನಡೆಸಲು ಸಾಧ್ಯವಾಗಲಿಲ್ಲ.

ರೇಷ್ಮೆ ಹುಳು ಕೀಟವೇ. ಸೊಳ್ಳೆಯನ್ನು ಕೊಲ್ಲುವ ವಿಷ ಅದನ್ನೂ ಕೊಲ್ಲುತ್ತದೆ, ಅದೂ ಅತಿ ಕಡಿಮೆ ಪ್ರಮಾಣದಲ್ಲಿ. ಹೊಗೆಸೊಪ್ಪಿನ ಸೋಂಕು ತಗುಲಿದ ಹಿಪ್ಪುನೇರಳೆ ಎಲೆ ತಿಂದರೂ ಹುಳು ಸಾಯುತ್ತದೆಂದು ಹುಳು ಮನೆಗೆ ಹೋಗುವವರು ಕೈತೊಳೆದು ಹೋಗುವ ಸೀಮೆ ಇದು. ಡಿಡಿಟಿಯ ನಂತರ ಬಂದ ಪೈರೆಥ್ರಾಯ್ಡ್ ಗುಂಪಿನ ಔಷಧಿಗಳು ಹುಳುವಿಗೆ ಇನ್ನೂ ಕ್ರೂರ. ಸೊಳ್ಳೆ ಬತ್ತಿಯನ್ನೇ ಹಚ್ಚದ ಮನೆಗೆ ಪಂಪು ಹೊತ್ತ ಸಿಂಪಡಣೆ ತಂಡ ಬಂದು ನಿಂತರೆ, "ಹುಳ ಹಾಕಿದೀವಿ ಸಾರ್, ಇನ್ನೊಂದು ಸಲ ಬನ್ನಿ" ಎಂಬ ಉತ್ತರವಲ್ಲದೆ ಬೇರೇನು ಸಿಗಬೇಕಿತ್ತು? ಆ ಇನ್ನೊಂದು ಸಲವೂ ಬರುವುದಿಲ್ಲ, ಏಕೆಂದರೆ ನೀರಾವರಿಯ ತೋಟವಿದ್ದವರು ವರ್ಷಕ್ಕೆ ಐದಾರು ಬೆಳೆ ತೆಗೆಯುತ್ತಾರೆ, ಒಂದು ಮನೆಯಲ್ಲಿ ಹುಳು ಗೂಡಿಗೆ ಏರಿದಾಗ ಪಕ್ಕದ ಮನೆಯಲ್ಲಿ ಎಳೆಯ ಚಾಕಿ ಹುಳು ಇರುತ್ತದೆ. ಇಡೀ ಊರು ಹುಳುವಿಲ್ಲದೆ ಖಾಲಿ ಇರುವ ವಾರವೆಂಬುದೇ ಇಲ್ಲ.

ಇನ್ನೂ ಒಂದು ತೊಡಕಿದೆ, ಅದನ್ನು ಗಮನಿಸಿದವರು ಕಡಿಮೆ. ಗೋಡೆಗೆ ಸಿಂಪಡಿಸಿದ ಡಿಡಿಟಿ ಸುಮಾರು ಹತ್ತು ವಾರ ಕೆಲಸ ಮಾಡಬೇಕಾದರೆ ಆ ಗೋಡೆಯನ್ನು ಮುಟ್ಟಬಾರದು. ರೇಷ್ಮೆ ರೈತ ಪ್ರತಿ ಬೆಳೆಯ ನಂತರವೂ ಹುಳುವಿಗೆ ಬರುವ ಹಾಲು ರೋಗ, ಸಪ್ಪೆ ರೋಗ, ಸುಣ್ಣಕಟ್ಟು ರೋಗಗಳ ಭಯಕ್ಕೆ ಮನೆಯನ್ನು ತೊಳೆದು, ಬ್ಲೀಚಿಂಗ್ ಪುಡಿಯ ನೀರನ್ನೋ ಫಾರ್ಮಲಿನ್ನನ್ನೋ ಹೊಡೆದು, ಸುಣ್ಣ ಬಳಿಯುತ್ತಾನೆ. ಆದ್ದರಿಂದ ಯಾರಾದರೂ ಒಪ್ಪಿ ಸಿಂಪಡಣೆ ಮಾಡಿಸಿಕೊಂಡಿದ್ದರೂ ಮುಂದಿನ ಬೆಳೆಯ ಹೊತ್ತಿಗೆ ಆ ಔಷಧಿ ಸುಣ್ಣದ ಕೆಳಗೆ ಹೂತುಹೋಗುತ್ತಿತ್ತು.

ಸಮೀಕ್ಷೆಯ ನಮೂನೆಯಲ್ಲಿ ಇಂಥ ಮನೆಯ ಎದುರು "ಸಿಂಪಡಣೆಗೆ ನಿರಾಕರಣೆ" ಎಂದು ಗುರುತು ಬೀಳುತ್ತದೆ. ವರದಿಯಲ್ಲಿ ಅದು "ಜನರಲ್ಲಿ ಅರಿವಿನ ಕೊರತೆ" ಆಗಿ ಮಾರ್ಪಡುತ್ತದೆ. ಅಲ್ಲಿಂದ ಮುಂದೆ ಭಿತ್ತಿಪತ್ರ, ಜಾಥಾ, ಭಾಷಣ. ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ತಿರುಳು ಇಲ್ಲಿದೆ: ಆ ಮನೆಯವರಿಗೆ ಕೀಟನಾಶಕ ಏನು ಮಾಡುತ್ತದೆ ಎಂಬುದು ಸಿಂಪಡಿಸಲು ಬಂದವರಿಗಿಂತ ಚೆನ್ನಾಗಿ ಗೊತ್ತಿತ್ತು. ಅವರ ನಿರಾಕರಣೆಯನ್ನು ಬದಲಿಸಬೇಕಾದ ನಡವಳಿಕೆ ಎಂದು ನೋಡುವವರೆಗೂ ನಿಯಂತ್ರಣಕ್ಕೆ ದಾರಿ ತೋರುತ್ತಿರಲಿಲ್ಲ. ಅದನ್ನು ಆ ಊರಿನ ನೆಲ, ಮಳೆಗಳಂತೆ ಒಂದು ವಾಸ್ತವವೆಂದು ಒಪ್ಪಿಕೊಂಡ ಮೇಲೆ ಬೇರೆ ದಾರಿ ಹುಡುಕುವುದು ಅನಿವಾರ್ಯವಾಯಿತು.

ಜ್ವರ ಬಂದ ಮೇಲೆ

ಆ ಕಾಲದ ಪದ್ಧತಿಯಂತೆ ಆರೋಗ್ಯ ಸಹಾಯಕರು ಹದಿನೈದು ದಿನಕ್ಕೊಮ್ಮೆ ಮನೆಮನೆಗೆ ಬಂದು, ಜ್ವರದವರ ಬೆರಳು ಚುಚ್ಚಿ ಗಾಜಿನ ಪಟ್ಟಿಯ ಮೇಲೆ ರಕ್ತಲೇಪನ ತೆಗೆದುಕೊಂಡು, ಒಂದು ಸಲದ ಕ್ಲೋರೊಕ್ವಿನ್ ಮಾತ್ರೆ ಕೊಟ್ಟು ಹೋಗುತ್ತಿದ್ದರು. ಫಲಿತಾಂಶ ಬರುವ ಹೊತ್ತಿಗೆ ದಿನಗಳು, ಕೆಲವೊಮ್ಮೆ ವಾರಗಳು ಕಳೆಯುತ್ತಿದ್ದವು. ಕ್ಲೋರೊಕ್ವಿನ್ ಜ್ವರವನ್ನು ಇಳಿಸುತ್ತದೆ; ಯಕೃತ್ತಿನಲ್ಲಿ ಅಡಗಿ ಕುಳಿತು ತಿಂಗಳುಗಳ ನಂತರ ಮತ್ತೆ ಏಳುವ ವೈವಾಕ್ಸ್ ರೋಗಾಣುವನ್ನು ಕೊಲ್ಲಲು ಪ್ರೈಮಾಕ್ವಿನ್ ಬೇಕು. ಆಗ ಅದನ್ನು ಐದು ದಿನ ಕೊಡುತ್ತಿದ್ದರು, ಈಗ ಹದಿನಾಲ್ಕು ದಿನ ಕೊಡುತ್ತಾರೆ. ಜ್ವರ ಬಿಟ್ಟು, ಮೈ ಹಗುರವಾಗಿ, ಸೊಪ್ಪು ಕೊಯ್ಯಲು ತೋಟಕ್ಕೆ ಹೋದವರು ಉಳಿದ ಮಾತ್ರೆಗಳನ್ನು ಗೋಡೆಯ ಗೂಡಿನಲ್ಲಿಟ್ಟು ಮರೆಯುವುದು ಯಾವ ಊರಿನಲ್ಲೂ ನಡೆಯುವಂಥದ್ದು. ಹುಳು ಕೊನೆಯ ಹಂತದಲ್ಲಿದ್ದರಂತೂ ಮನೆಯಲ್ಲಿ ಯಾರಿಗೂ ಮಾತ್ರೆ ನೆನಪಿಸುವಷ್ಟು ಪುರುಸೊತ್ತಿರುವುದಿಲ್ಲ. ಗರ್ಭಿಣಿಯರಿಗೂ ಹಸುಗೂಸುಗಳಿಗೂ ಪ್ರೈಮಾಕ್ವಿನ್ ಕೊಡುವಂತಿಲ್ಲವಾದ್ದರಿಂದ, ಅಂಥವರಿರುವ ಮನೆಯಲ್ಲಿ ಮರುಕಳಿಸುವ ಜ್ವರ ಉಳಿದೇ ಇರುತ್ತದೆ. ಇದರ ಮೇಲೆ ಗಡಿಯಾಚೆಯ ಊರುಗಳೊಂದಿಗಿನ ಓಡಾಟ. ಕೂಲಿಗೆ, ದನದ ಜಾತ್ರೆಗೆ, ನೆಂಟರ ಮನೆಗೆ ಹೋಗಿಬಂದವರ ಜ್ವರವನ್ನು ಯಾವ ರಾಜ್ಯದ ಲೆಕ್ಕಕ್ಕೆ ಬರೆಯಬೇಕೆಂಬುದೇ ತಕರಾರಾಗುವ ಜಾಗದಲ್ಲಿ ಅದರ ಬೆನ್ನುಹತ್ತಿ ಹೋಗುವವರು ಯಾರು?

ಬಾವಿಗೆ ಮೀನು

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಡಿಯಲ್ಲಿದ್ದ ಮಲೇರಿಯಾ ಸಂಶೋಧನಾ ಕೇಂದ್ರದ ಬೆಂಗಳೂರು ಕ್ಷೇತ್ರ ಘಟಕದವರು ರಾಜ್ಯದ ಆರೋಗ್ಯ ಇಲಾಖೆಯೊಂದಿಗೆ ಸೇರಿ ಈ ಹಳ್ಳಿಗಳಲ್ಲಿ ಕೈಗೊಂಡ ಪ್ರಯೋಗ ಸರಳವಾದದ್ದು: ಮನೆಯೊಳಗೆ ಹೋಗಲಾಗದಿದ್ದರೆ ಬಾವಿಗೆ ಹೋಗುವುದು, ಬಾವಿಗೂ ವಿಷ ಹಾಕಲಾಗದಾದ್ದರಿಂದ ಮೀನು ಬಿಡುವುದು. ಬಾವಿಗಳಿಗೆ ಗಪ್ಪಿ, ಹಳ್ಳ ಕುಂಟೆಗಳಂಥ ನೀರಿಗೆ ಗ್ಯಾಂಬೂಸಿಯಾ. ಎರಡೂ ಹೊರದೇಶದ ಮೀನುಗಳು. ಗಪ್ಪಿ ಮೂಲತಃ ದಕ್ಷಿಣ ಅಮೆರಿಕದ್ದು, ಗ್ಯಾಂಬೂಸಿಯಾವನ್ನು 1928ರಲ್ಲಿ ಇಟಲಿಯಿಂದ ಭಾರತಕ್ಕೆ ತರಲಾಯಿತು. ಬೆಳೆದ ಒಂದು ಗಪ್ಪಿ ದಿನಕ್ಕೆ ಎಂಬತ್ತರಿಂದ ನೂರು ಮರಿಹುಳುಗಳನ್ನು ತಿನ್ನುತ್ತದೆ. ಗ್ಯಾಂಬೂಸಿಯಾ ಅದಕ್ಕಿಂತ ಹೊಟ್ಟೆಬಾಕ. ಎರಡೂ ನೀರಿನ ಮೇಲ್ಪದರದಲ್ಲೇ ಆಹಾರ ಹುಡುಕುತ್ತವೆ, ಮರಿಹುಳು ತೇಲುವುದೂ ಅಲ್ಲೇ. ಮೊಟ್ಟೆಯಿಡದೆ ಮರಿ ಹಾಕುವ ಮೀನುಗಳಾದ್ದರಿಂದ ಒಮ್ಮೆ ಬಿಟ್ಟರೆ ಬಾವಿ ಬತ್ತುವವರೆಗೆ ಅವುಗಳ ಸಂತಾನ ತಾನಾಗಿ ಮುಂದುವರಿಯುತ್ತದೆ.

ರೇಷ್ಮೆಗೆ ಇದರಿಂದ ಏನೂ ಧಕ್ಕೆಯಿಲ್ಲ ಎಂಬುದು ಜನರು ಇದನ್ನು ಒಪ್ಪಲು ಮುಖ್ಯ ಕಾರಣ. ಹುಳು ಮನೆಯಲ್ಲಿ ಇದ್ದರೂ ಇಲ್ಲದಿದ್ದರೂ ಬಾವಿಗೆ ಮೀನು ಬಿಡಬಹುದು, ಯಾರ ಬಾಗಿಲನ್ನೂ ತಟ್ಟಬೇಕಾಗಿಲ್ಲ. ಮೀನು ಬಿಟ್ಟ ನಂತರದ ಕೆಲವು ವರ್ಷಗಳಲ್ಲಿ ಈ ಹಳ್ಳಿಗಳ ಮಲೇರಿಯಾ ಗಣನೀಯವಾಗಿ ಇಳಿಯಿತು. 2005ರಲ್ಲಿ ಪ್ರಕಟವಾದ ಈ ಕೆಲಸದ ವರದಿಯಲ್ಲಿ ಎದ್ದುಕಾಣುವ ಅಂಶವೆಂದರೆ, ಬಾವಿಯ ಮೀನುಗಳ ಹೊಡೆತ ಬಿದ್ದದ್ದು ಕ್ಯುಲಿಸಿಫೇಸಿಸ್ ಗುಂಪಿನ ರೋಗವಾಹಕ ಪ್ರಭೇದಕ್ಕೆ. ಊರಿನಲ್ಲಿ ಸೊಳ್ಳೆ ಪೂರ್ತಿ ಇಲ್ಲವಾಗಬೇಕಾಗಿರಲಿಲ್ಲ. ರೋಗ ಹರಡುವ ಸೊಳ್ಳೆ ಹುಟ್ಟುವ ನೀರನ್ನು ಹಿಡಿದರೆ ಸಾಕಾಯಿತು.

ಈ ಯಶಸ್ಸನ್ನು ಉಬ್ಬಿಸಿ ಹೇಳುವುದೂ ಸರಿಯಲ್ಲ. ಮೀನು ಬಿಟ್ಟ ಕಾಲದಲ್ಲೇ ಕೋಲಾರದ ಅಂತರ್ಜಲ ಪಾತಾಳಕ್ಕೆ ಇಳಿಯುತ್ತಿತ್ತು. ತೆರೆದ ಬಾವಿಗಳು ಒಂದೊಂದಾಗಿ ಬತ್ತಿ, ಅವುಗಳ ಜಾಗಕ್ಕೆ ಸಾವಿರ ಅಡಿಗೂ ಮೀರಿದ ಕೊಳವೆಬಾವಿಗಳು ಬಂದವು. ನೀರೇ ಇಲ್ಲದ ಬಾವಿಯಲ್ಲಿ ಮೀನೂ ಇಲ್ಲ, ಮರಿಹುಳುವೂ ಇಲ್ಲ. ದೀರ್ಘಾವಧಿಯ ಇಳಿಕೆಯಲ್ಲಿ ಮೀನಿನ ಪಾಲು ಎಷ್ಟು, ಬರದ ಪಾಲು ಎಷ್ಟು ಎಂದು ಬಿಡಿಸಿ ಹೇಳುವುದು ಸುಲಭವಲ್ಲ. ಗ್ಯಾಂಬೂಸಿಯಾ ಸ್ಥಳೀಯ ಸಣ್ಣ ಮೀನುಗಳ ಮತ್ತು ಕಪ್ಪೆಮರಿಗಳ ಮೇಲೆ ಬೀಳುತ್ತದೆಂಬ ಪರಿಸರ ತಜ್ಞರ ಆಕ್ಷೇಪವೂ ಗಟ್ಟಿಯಾದದ್ದು. ನಾಲ್ಕು ಗೋಡೆಗಳ ನಡುವಿನ ಬಾವಿಯಲ್ಲಿ ಗಪ್ಪಿ ಇರುವುದಕ್ಕೂ ಕೆರೆಗೆ ಸೇರುವ ಹಳ್ಳದಲ್ಲಿ ಗ್ಯಾಂಬೂಸಿಯಾ ಬಿಡುವುದಕ್ಕೂ ಬಹಳ ವ್ಯತ್ಯಾಸವಿದೆ; ಎರಡನ್ನೂ ಒಂದೇ ಸುತ್ತೋಲೆಯಲ್ಲಿ ಸೇರಿಸಬಾರದು ಎಂದು ನನಗೆ ಅನ್ನಿಸುತ್ತದೆ.

ನಿರ್ವಹಣೆಯ ತೊಡಕುಗಳಂತೂ ಇದ್ದೇ ಇವೆ. ಹೂಳೆತ್ತುವಾಗ ಮೀನನ್ನು ಬೇರೆ ತೊಟ್ಟಿಗೆ ತೆಗೆದಿಟ್ಟು ಮತ್ತೆ ಬಿಡಬೇಕು. ಯಾರ ಕೆಲಸವೂ ಅಲ್ಲದ ಕೆಲಸ ಅದು. ವಾಂತಿಭೇದಿ ಕಾಣಿಸಿಕೊಂಡ ಕೂಡಲೇ ಕುಡಿಯುವ ನೀರಿನ ಬಾವಿಗೆ ಬ್ಲೀಚಿಂಗ್ ಪುಡಿ ಹಾಕಲಾಗುತ್ತದೆ, ಹಾಕಬೇಕಾದದ್ದೇ, ಆದರೆ ಆ ಕ್ಲೋರಿನ್ ಮೀನನ್ನು ಕೊಲ್ಲುತ್ತದೆ. ಮೀನು ಬಿಟ್ಟವರೂ ಪುಡಿ ಹಾಕಿದವರೂ ಒಂದೇ ಇಲಾಖೆಗೆ ಸೇರಿದವರಾದರೂ ಒಬ್ಬರ ಕೆಲಸ ಇನ್ನೊಬ್ಬರ ದಾಖಲೆಯಲ್ಲಿ ಇರುವುದಿಲ್ಲ.

ಈಗಿನ ಸ್ಥಿತಿ

ಇಂದು ಆ ಮಾದರಿ ಮನೆ ಬದಲಾಗಿದೆ. ರೇಷ್ಮೆ ಇಲಾಖೆಯ ಸಹಾಯಧನದಿಂದ ಅನೇಕರು ಹುಳು ಸಾಕಣೆಗೆ ಪ್ರತ್ಯೇಕ ಕಟ್ಟಡ ಕಟ್ಟಿಕೊಂಡಿದ್ದಾರೆ. ತಟ್ಟೆಯ ಬದಲು ರೆಂಬೆ ಸಮೇತ ಸೊಪ್ಪು ಹಾಕುವ ಪದ್ಧತಿ ಬಂದು ರಾತ್ರಿಯ ದುಡಿತ ಇಳಿದಿದೆ. ಜನ ಮಲಗುವ ಮನೆಗೂ ಹುಳು ಮನೆಗೂ ನಡುವೆ ಅಂತರ ಬಂದದ್ದರಿಂದ ಪರದೆ ಕಟ್ಟುವುದು, ಕಿಟಕಿಗೆ ಬಲೆ ಹಾಕಿಸುವುದು ಮೊದಲಿಗಿಂತ ಸುಲಭವಾಗಿದೆ. ಆದರೆ ದೀರ್ಘಕಾಲ ಬಾಳುವ ಪರದೆಗಳಿಗೂ ಪೈರೆಥ್ರಾಯ್ಡ್ ಲೇಪನವೇ ಇರುತ್ತದೆಂಬುದನ್ನು ಮರೆಯುವಂತಿಲ್ಲ. ಆ ಪರದೆಯನ್ನು ಮಡಚಿದ ಕೈಯಲ್ಲೇ ಸೊಪ್ಪು ಮುಟ್ಟುವವರಿಗೆ ಲೇಪನವಿಲ್ಲದ ಸಾದಾ ಪರದೆ ಕೊಡುವುದು ವಾಸಿ. ಜ್ವರದ ತಪಾಸಣೆಗೆ ಆಶಾ ಕಾರ್ಯಕರ್ತೆಯ ಬಳಿ ಕೆಲವೇ ನಿಮಿಷಗಳಲ್ಲಿ ಫಲಿತಾಂಶ ತೋರಿಸುವ ರಕ್ತಪರೀಕ್ಷೆಯ ಪಟ್ಟಿ ಇದೆ. ಸ್ಥಳೀಯ ಸೋಂಕನ್ನು 2027ರೊಳಗೆ ಸೊನ್ನೆಗೆ ಇಳಿಸುವುದು ದೇಶದ ಗುರಿ.

ನೀರೂ ಮರಳಿದೆ. ಬೆಂಗಳೂರಿನ ಸಂಸ್ಕರಿಸಿದ ತ್ಯಾಜ್ಯ ನೀರನ್ನು ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಆರಂಭವಾದ ಮೇಲೆ ಹಲವು ಕೆರೆಗಳು ವರ್ಷವಿಡೀ ತುಂಬಿರುತ್ತವೆ, ಅವುಗಳ ಅಚ್ಚುಕಟ್ಟಿನಲ್ಲಿ ಅಂತರ್ಜಲ ಮೇಲೆ ಬಂದಿದೆ. ಆ ನೀರಿನ ಗುಣಮಟ್ಟದ ಬಗ್ಗೆ ಚರ್ಚೆ ಸಾಕಷ್ಟು ನಡೆದಿದೆ. ಸೊಳ್ಳೆಯ ದೃಷ್ಟಿಯಿಂದ ಅದನ್ನು ನೋಡಿದವರು ಕಡಿಮೆ. ಇಪ್ಪತ್ತು ವರ್ಷ ಒಣಗಿದ್ದು, ಕಸ ಸುರಿಯುವ ಗುಂಡಿಯಾಗಿದ್ದ ತೆರೆದ ಬಾವಿಗೆ ಬುಡದಿಂದ ಒಸರಿ ಬರುವ ನೀರು ಕೆರೆಯ ನೀರಿಗಿಂತ ತಿಳಿಯಾಗಿರುತ್ತದೆ, ಮತ್ತು ತಿಳಿನೀರೇ ಈ ಸೊಳ್ಳೆಗೆ ಬೇಕಾದದ್ದು. ಆ ಬಾವಿಯಲ್ಲಿ ಈಗ ಮೀನಿಲ್ಲ, ಆ ಬಾವಿಯ ಹೆಸರು ಉಪಕೇಂದ್ರದ ಪಟ್ಟಿಯಲ್ಲೂ ಇರಲಾರದು. ಹೊರಗಿನಿಂದ ಒಬ್ಬ ಸೋಂಕಿತ ಕೂಲಿಯವನು ಬಂದು ಹತ್ತಿರದ ತೋಟದ ಮನೆಯಲ್ಲಿ ತಂಗಿದರೆ ಹಳೆಯ ಸರಪಳಿ ಮತ್ತೆ ಕೂಡಿಕೊಳ್ಳಲು ಬೇಕಾದದ್ದೆಲ್ಲ ಅಲ್ಲಿದೆ. ಆದ್ದರಿಂದ ಈ ಭಾಗದ ಆರೋಗ್ಯ ಸಿಬ್ಬಂದಿ ಮಾಡಬೇಕಾದ ಮೊದಲ ಕೆಲಸ ನೀರು ಮರಳಿದ ಬಾವಿಗಳನ್ನು ಗ್ರಾಮ ಪಂಚಾಯಿತಿಯ ನೀರುಗಂಟಿಯ ನೆರವಿನಿಂದ ಪಟ್ಟಿಮಾಡಿ, ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ಬಕೆಟ್ ಇಳಿಸಿ ಮರಿಹುಳುವಿಗಾಗಿ ನೋಡುವುದು. ಎರಡನೆಯದು, ಅಂಥ ಬಾವಿಯ ಸುತ್ತಲಿನ ಮನೆಗಳಲ್ಲಿ ಜ್ವರವಿದೆಯೇ ಎಂದು ಕೇಳುವ ಮುನ್ನ ಹುಳು ಎಷ್ಟನೇ ಹಂತದಲ್ಲಿದೆ ಎಂದು ಕೇಳುವುದು, ಏಕೆಂದರೆ ಕೊನೆಯ ವಾರದಲ್ಲಿದ್ದ ಮನೆಯವರು ಜ್ವರವನ್ನು ಹೇಳಿಕೊಳ್ಳುವುದು ಗೂಡು ಬಿಡಿಸಿ ಮಾರುಕಟ್ಟೆಗೆ ಹಾಕಿದ ನಂತರವೇ.